ಬಾವಿಗೆ ಟ್ಯಾಂಕರ್ ನೀರು ಸುರಿದ ವರ್ಷ

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಾನು ಸ್ಕೂಟರ್ ನಿಲ್ಲಿಸುವ ಜಾಗದ ಹಿಂದಿನ ಗೋಡೆ ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಒದ್ದೆಯಾಗುತ್ತದೆ. ಮಳೆ ಧೋ ಎಂದು ಸುರಿಯುವಾಗ ಒಣಗಿಯೇ ಇರುತ್ತದೆ. ಜನ ಕೊಡೆ ಒಳಗಿಟ್ಟು ಸ್ವೆಟರ್ ಹೊರಗೆ ತೆಗೆದ ಮೇಲೆ, ಬೀದಿಯಲ್ಲಿ ಹನಿ ನೀರಿಲ್ಲದ ದಿನಗಳಲ್ಲಿ, ಅದಕ್ಕೆ ಬೆವರು ಬರುತ್ತದೆ. ಮೊದಲು ಅಂಗೈಯಗಲ, ಆಮೇಲೆ ತಟ್ಟೆಯಗಲ. ಈ ವರ್ಷ ನೆಲಕ್ಕೂ ಇಳಿದಿದೆ. ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ ಮೊನ್ನೆ ಅಲ್ಲೇ ನಿಂತು ನನ್ನನ್ನು ಹಿಡಿದುಕೊಂಡರು.

"ಬಿಲ್ಡರ್ ಕಳಪೆ ಕೆಲಸ ಮಾಡಿದಾನೆ ಮೇಡಂ. ಸೋಮವಾರ ವಾಟರ್‌ಪ್ರೂಫಿಂಗ್‌ನವರು ಬರ್ತಾರೆ. ಗೋಡೆಗೆ ತೂತು ಕೊರೆದು ಕೆಮಿಕಲ್ ತುಂಬ್ತಾರಂತೆ. ಇನ್ನು ಜನ್ಮದಲ್ಲಿ ಒಂದು ಹನಿ ಬರಲ್ಲ ಬಿಡಿ."

ತಲೆಯಾಡಿಸಿದೆ. ಬಿಲ್ಡರ್ ಬೇರೆ ಕಡೆ ಬೇಕಾದಷ್ಟು ಕಳಪೆ ಮಾಡಿದ್ದಾನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದೊಂದು ಅವನ ತಪ್ಪಲ್ಲ. ಕಾರ್ಯದರ್ಶಿ ಲಿಫ್ಟ್ ಹತ್ತಿ ಹೋದ ಮೇಲೆ ಗೋಡೆಗೆ ಮುಖ ಒಡ್ಡಿ ಮೂಸಿ ನೋಡಿದೆ. ಪಾಚಿ, ಒದ್ದೆ ಕಲ್ಲು, ತುಕ್ಕು ಹಿಡಿದ ರಾಟೆ. ನಮ್ಮ ಬಾವಿಯ ವಾಸನೆ. ಈ ಗೋಡೆಯಾಚೆ ಕೈಗೆಟಕುವಷ್ಟು ದೂರದಲ್ಲಿ ಅದು ಇಟ್ಟಿಗೆಚೂರು ತುಂಬಿಸಿಕೊಂಡು ಕೂತಿದೆ. ಮನೆಗೆ ಹೋದವಳೇ ತಂಗಿ ಗಿರಿಜಳಿಗೆ ಫೋನ್ ಮಾಡಿದೆ. "ಭಾನುವಾರ ಬಾರೆ, ಸೋಮವಾರ ಬೇಸ್‌ಮೆಂಟ್ ಗೋಡೆ ಮುಚ್ಚಿಸ್ತಾರಂತೆ" ಎಂದೆ. ಅದಕ್ಕೆ ನಾನೇಕೆ ಬರಬೇಕು ಎಂದು ಅವಳು ಕೇಳಲಿಲ್ಲ.

ಈ ಅಪಾರ್ಟ್‌ಮೆಂಟ್ ನಿಂತಿರುವುದು ಎನ್.ಆರ್. ಕಾಲೋನಿಯಲ್ಲಿದ್ದ ನಮ್ಮ ಹೆಂಚಿನ ಮನೆಯ ಜಾಗದಲ್ಲಿ. ಮಾಗಡಿ ಕಡೆಯ ರಾಗಿ ಹೊಲ ಬಿಟ್ಟು ಬಂದ ತಾತ, ಅಮ್ಮನ ಅಪ್ಪ, ಮನೆಯ ಪಾಯಕ್ಕಿಂತ ಮೊದಲು ಹಿತ್ತಲಲ್ಲಿ ಬಾವಿ ತೋಡಿಸಿದರಂತೆ. ನಾನು ದೊಡ್ಡವಳಾಗುವ ಹೊತ್ತಿಗೆ ನಲ್ಲಿ ನೀರು ಬಂದು ಬಾವಿಗೆ ಕೆಲಸವಿರಲಿಲ್ಲ. ಅಮ್ಮ ಮಾತ್ರ ಬೆಳಿಗ್ಗೆ ತುಳಸಿಗೆಂದು ಒಂದು ಬಿಂದಿಗೆ ಸೇದುತ್ತಿದ್ದಳು. ಸೊಳ್ಳೆ ಜಾಸ್ತಿಯಾಗಿದೆ, ಮೇಲೊಂದು ಚಪ್ಪಡಿ ಹಾಕಿಸೋಣ ಎಂದು ನಾನು ವರ್ಷಕ್ಕೊಮ್ಮೆ ರಾಗ ತೆಗೆಯುತ್ತಿದ್ದೆ. ಅಮ್ಮನ ಉತ್ತರವೂ ವರ್ಷಕ್ಕೊಮ್ಮೆ ಅದೇ.

"ಗಿರಿಜನ ಗಂಗೆ ಪೂಜೆ ಆಗ್ಲಿ. ಆಮೇಲೆ ಮುಚ್ಚಿಸು, ಬೇಕಾದ್ರೆ ಅದರ ಮೇಲೆ ಕೂತ್ಕೊಂಡು ಪಾಠ ಮಾಡು."

ಹೆತ್ತ ಹೆಣ್ಣು ಬಾಣಂತನದ ತಿಂಗಳುಗಳಲ್ಲಿ ನೀರು ಸೇದುವಂತಿಲ್ಲ, ಒಲೆ ಮುಟ್ಟುವಂತಿಲ್ಲ, ತವರಿನ ಹೊಸಿಲು ದಾಟಿ ಗಂಡನ ಮನೆಗೆ ಹೋಗುವಂತಿಲ್ಲ. ಕೊನೆಗೊಂದು ದಿನ ತಲೆಗೆ ಸ್ನಾನ ಮಾಡಿ, ಬಾವಿಕಟ್ಟೆಗೆ ಅರಿಸಿನ ಕುಂಕುಮ ಹಚ್ಚಿ, ಗಂಗೆಗೆ ಕೈಮುಗಿದು, ತಾನೇ ಒಂದು ಬಿಂದಿಗೆ ನೀರು ಸೇದಿ ಒಳಗೆ ತರುತ್ತಾಳೆ. ಅದರಲ್ಲಿ ಮೊದಲ ಬೊಗಸೆ ಮಗುವಿನ ನೆತ್ತಿಗೆ. ಅಲ್ಲಿಗೆ ಬಾಣಂತನ ಮುಗಿಯಿತು. ಬೇರೆಯವರ ಮನೆಯಲ್ಲಿ ಹೇಗೋ, ನಮ್ಮಲ್ಲಿ ಹೀಗೆ. ಅಮ್ಮ ನನಗೊಮ್ಮೆ, ಗಿರಿಜಳಿಗೊಮ್ಮೆ ಇದೇ ಬಾವಿಯಿಂದ ನೀರು ತಂದಿದ್ದಳು. ನಾನು ಮದುವೆಯಾಗದೆ ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಮಕ್ಕಳಿಗೆ ಭೂಗೋಳ ಹೇಳಿಕೊಂಡು ಅಮ್ಮನ ಜೊತೆಗೇ ಉಳಿದೆ. ಹಾಗಾಗಿ ಬಾವಿ ಕಾಯಬೇಕಾಗಿದ್ದು ಗಿರಿಜಳೊಬ್ಬಳಿಗೆ. ಅವಳ ಗಂಡ ಮಂಜುನಾಥನಿಗೆ ತುಮಕೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಮದುವೆಯಾಗಿ, ನಾಡಿನ ದೇವರುಗಳಿಗೆಲ್ಲ ಇವರಿಬ್ಬರ ಮುಖಪರಿಚಯ ಆಗುವಷ್ಟು ವರ್ಷ ಕಳೆದ ಮೇಲೆ ಗಿರಿಜ ಬಸುರಿಯಾದಳು. ಅವಳಿಗಾಗಲೇ ನಲವತ್ತು ಹತ್ತಿರ.

ಅವಳು ಹೆರಿಗೆಗೆಂದು ಬಂದದ್ದು ಬೆಂಗಳೂರು ನೀರಿಲ್ಲದೆ ಬಾಯಿ ಬಿಟ್ಟ ಆ ಬೇಸಿಗೆಯಲ್ಲಿ. ಬೋರ್‌ವೆಲ್‌ಗಳು ಒಂದೊಂದಾಗಿ ಗಾಳಿ ಉಗುಳುತ್ತಿದ್ದವು. ಗಾಂಧಿಬಜಾರಿನಲ್ಲಿ ತರಕಾರಿ ಬೆಲೆಯ ಮಾತು ಹಿಂದೆ ಬಿದ್ದು ಟ್ಯಾಂಕರ್ ಮಾತು ಮುಂದೆ ಬಂದಿತ್ತು. ಅದೇ ಹೊತ್ತಿಗೆ ನಮ್ಮ ಪಕ್ಕದ ಹಳೆಯ ಬಂಗಲೆ ಕೆಡವಿ ಎರಡು ಅಂತಸ್ತಿನ ಬೇಸ್‌ಮೆಂಟಿಗೆ ಗುಂಡಿ ತೆಗೆದರು. ಗುಂಡಿ ನಮ್ಮ ಬಾವಿಗಿಂತ ಕೆಳಕ್ಕೆ ಹೋಯಿತು. ಅದರ ಗೋಡೆಗಳಿಂದ ನೀರು ಜಿನುಗಿ ಕೆಲಸಕ್ಕೆ ತೊಂದರೆಯಾಯಿತೆಂದು ಪಂಪ್ ಇಟ್ಟು ಹಗಲೂ ರಾತ್ರಿ ಬೀದಿಯ ಮೋರಿಗೆ ಬಿಟ್ಟರು. ತಿಳಿಯಾದ, ತಣ್ಣನೆಯ ನೀರು. ಬೀದಿಯ ಒಂದು ಬದಿಯಲ್ಲಿ ಟ್ಯಾಂಕರಿಗೆ ಕಾಯುವ ಕೊಡಗಳು, ಇನ್ನೊಂದು ಬದಿಯಲ್ಲಿ ಮೋರಿ ತುಂಬ ಹರಿಯುವ ನೀರು. ಬಸವನಗುಡಿಯ ಕಲ್ಲು ಬಸವಣ್ಣನ ಪಾದದ ಬುಡದಲ್ಲಿ ಹುಟ್ಟುತ್ತಾಳೆಂದು ಹಿರಿಯರು ಹೇಳುವ ವೃಷಭಾವತಿಗೆ, ಈಗ ಹೇಳಲಾರದ ಬಣ್ಣದಲ್ಲಿರುವ ಆ ಹೊಳೆಗೆ, ನಮ್ಮ ನೆಲದೊಳಗಿನ ನೀರು ಹೋಗಿ ಸೇರುತ್ತಿತ್ತು.

ನಮ್ಮ ಬಾವಿ ದಿನದಿನಕ್ಕೆ ಇಳಿಯಿತು. ಅಮ್ಮ ಸೆರಗು ಸಿಕ್ಕಿಸಿಕೊಂಡು ಪಕ್ಕದ ಸೈಟಿಗೆ ಹೋದಳು. ಹಿಂದೆಯೇ ನಾನೂ ಹೋದೆ. ಅಲ್ಲಿನ ಸೂಪರ್‌ವೈಸರ್ ಮರ್ಯಾದಸ್ಥ.

"ಅಮ್ಮಾ, ನಿಮ್ಮ ಬಾವಿ ನಾವು ಮುಟ್ಟೇ ಇಲ್ಲ. ನಮ್ಮ ಸೈಟಲ್ಲಿ ಬರೋ ನೀರು ನಾವು ತೆಗೀತಿದೀವಿ ಅಷ್ಟೆ."

"ನೀರಿಗೆ ಕಾಂಪೌಂಡು ಉಂಟೇನಪ್ಪಾ?"

"ನಾನೇನ್ ಮಾಡ್ಲಿ ಅಮ್ಮಾ, ಪಂಪ್ ನಿಲ್ಸಿದ್ರೆ ಗುಂಡಿ ಕುಸಿಯುತ್ತೆ, ಜನ ಇದಾರೆ ಕೆಳಗೆ. ಬೇಕಾದ್ರೆ ಒಂದು ಪೈಪ್ ಈ ಕಡೆ ಕೊಡ್ತೀನಿ, ಹಿಡ್ಕೊಳಿ."

ಜನ ಇದ್ದಾರೆ ಎಂದ ಮೇಲೆ ಅಮ್ಮ ಜಗಳ ಮುಂದುವರಿಸಲಿಲ್ಲ. ನಮ್ಮದೇ ನೀರನ್ನು ಪೈಪಿನಲ್ಲಿ ದಾನ ತೆಗೆದುಕೊಳ್ಳಲೂ ಅವಳಿಗೆ ಮನಸ್ಸಾಗಲಿಲ್ಲ. ಬಾವಿ ತಳ ಕಂಡ ದಿನದಿಂದ ಅವಳಿಗೆ ಒಂದೇ ಭಯ ಹಿಡಿಯಿತು. ಬಸುರಿ ಬತ್ತಿದ ಬಾವಿ ನೋಡಬಾರದು. ಗಿರಿಜಳಿಗೆ ಹಿತ್ತಲ ಬಾಗಿಲು ಬಂದ್ ಆಯಿತು. "ಅಲ್ಲಿ ಹಾವು ಕಾಣಿಸ್ಕೊಂಡಿದೆ" ಎಂದು ಅಮ್ಮ ಸುಳ್ಳು ಹೇಳಿದಳು. ಗಿರಿಜ ಹಾವಿಗೆ ಹೆದರುವವಳಲ್ಲ. ಕಿಟಕಿಯಿಂದ ಕತ್ತು ಚಾಚಿ ಬಾವಿಕಟ್ಟೆಯ ಕಡೆ ನೋಡುತ್ತಿದ್ದಳು. "ಯಾಕಮ್ಮಾ ನೀರು ಸೇದ್ತಿಲ್ಲ ನೀನು?" ಎಂದು ಕೇಳುತ್ತಿದ್ದಳು.

ಒಂದು ಸಂಜೆ ಸ್ಕೂಲಿನಿಂದ ಬಂದರೆ ಮನೆ ಮುಂದೆ ಟ್ಯಾಂಕರ್. ಅದರ ದಪ್ಪ ಪೈಪು ಓಣಿಯಲ್ಲಿ ಹಾದು ಹಿತ್ತಲಿಗೆ ಹೋಗಿತ್ತು. ನೀರು ತುಂಬಿಡುವ ಸಂಪು ಮನೆ ಮುಂದಿರುವಾಗ ಹಿಂದೇಕೆ ಎಂದು ಓಡಿ ನೋಡಿದರೆ, ಪೈಪಿನ ಬಾಯಿ ಬಾವಿಯೊಳಗೆ. ಪಕ್ಕದಲ್ಲಿ ಅಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಬೆಂಕಿ ಬಿದ್ದಾಗ ಬಾವಿ ತೋಡಿದವರ ಗಾದೆ ಕೇಳಿದ್ದೆ, ಬಾವಿಗೇ ನೀರು ತಂದು ಸುರಿದವರನ್ನು ನೋಡಿದ್ದು ಅದೇ ಮೊದಲು.

"ಅಮ್ಮಾ, ನಿಲ್ಲಲ್ಲ ಇದು. ಸುತ್ತ ಮಣ್ಣು ಒಣಗಿದೆ, ಪಕ್ಕದಲ್ಲಿ ಗುಂಡಿ ಇದೆ. ಅಷ್ಟೂ ಎಳ್ಕೊಂಬಿಡುತ್ತೆ."

"ನಿನ್ನ ಪಾಠ ಸ್ಕೂಲಲ್ಲಿ ಇಟ್ಕೋ. ಹೋಗಿ ಗಿರಿಜನ್ನ ಕರ್ಕೊಂಬಾ."

ಟ್ಯಾಂಕರ್ ಹೋದ ಮೇಲೆ ಕರೆತಂದೆ. ಗಿರಿಜ ತುಂಬಿದ ಹೊಟ್ಟೆಯನ್ನು ಕಟ್ಟೆಗೆ ಆನಿಸಿ ಬಗ್ಗಿದಳು. ಕೆಳಗೆ ನೀರು, ನೀರಿನಲ್ಲಿ ಸಂಜೆಯ ಆಕಾಶ, ಆಕಾಶದಲ್ಲಿ ಅವಳ ಮುಖ. "ಎಷ್ಟೊಂದಿದೆ ಅಕ್ಕ!" ಎಂದು ನಕ್ಕಳು. ಹೊಟ್ಟೆಯ ಮೇಲೆ ಕೈಯಿಟ್ಟು, "ನೋಡೇ ಪುಟ್ಟಿ, ನಿನ್ನ ನೆತ್ತಿಗೆ ಹಾಕೋ ನೀರು" ಎಂದಳು. ಹೆಣ್ಣೇ ಎಂದು ಅವಳು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಳು. ಅಮ್ಮ ನನ್ನ ಕಡೆ ನೋಡಿ ಕಣ್ಣು ಹೊಡೆದಳು. ಆ ವಯಸ್ಸಿನಲ್ಲಿ ಅವಳು ಕಣ್ಣು ಹೊಡೆದದ್ದನ್ನು ಅದೊಂದೇ ಸಲ ನೋಡಿದ್ದು.

ಮರುದಿನ ಸಂಜೆಯ ಹೊತ್ತಿಗೆ ಬಾವಿಯಲ್ಲಿ ಕೆಸರು ಮಾತ್ರ ಉಳಿದಿತ್ತು. ನಾನೂ ಅಮ್ಮನೂ ಬೀದಿಗೆ ಬಂದು ನೋಡಿದೆವು. ಪಕ್ಕದ ಪಂಪಿನ ಬಾಯಲ್ಲಿ ನೀರು ಎಂದಿಗಿಂತ ದಪ್ಪಗೆ ಬರುತ್ತಿತ್ತು, ಅಥವಾ ನಮಗೆ ಹಾಗೆ ಕಂಡಿತು. ನನಗೆ ತಡೆಯಲಾರದೆ ನಗು ಬಂತು. ಅಮ್ಮ ಮೊದಲು ಸಿಡುಕಿದಳು, ಆಮೇಲೆ ಅವಳೂ ನಕ್ಕಳು. "ಒಂದು ಟ್ಯಾಂಕರ್ ನೀರು ಮೋರಿಗೆ ಅಭಿಷೇಕ ಮಾಡ್ದಂಗಾಯ್ತಲ್ಲೇ! ಹೋಗ್ಲಿ ಬಿಡು, ಅವಳು ನೋಡಿದ್ಲು, ಅಷ್ಟು ಸಾಕು." ಬೀದಿಯಲ್ಲಿ ನಿಂತು ಕಣ್ಣೀರು ಬರುವಷ್ಟು ನಕ್ಕೆವು. ಆ ವರ್ಷ ನಮ್ಮ ಮನೆಯವರು ನಕ್ಕದ್ದು ಅಲ್ಲಿಗೆ ಮುಗಿಯಿತು.

ಅದೇ ವಾರ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಗಿರಿಜ, "ಅಕ್ಕ, ನಿನ್ನೆಯಿಂದ ಇವಳು ಒದೀತಾನೇ ಇಲ್ಲ" ಎಂದಳು. ಆಸ್ಪತ್ರೆಯಲ್ಲಿ ಡಾಕ್ಟರು ಸ್ಕ್ಯಾನಿನ ಪರದೆಯನ್ನು ನಮ್ಮ ಕಡೆಯಿಂದ ಮೆಲ್ಲಗೆ ಆಚೆ ತಿರುಗಿಸಿಕೊಂಡರು. ಹೊಕ್ಕುಳಬಳ್ಳಿ ಗಂಟಾಗಿತ್ತಂತೆ. ಆದರೂ ಹೆರಬೇಕು, ಎಲ್ಲರಂತೆ ನೋವು ತಿನ್ನಬೇಕು ಎಂಬುದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಗಿರಿಜ ಅಷ್ಟನ್ನೂ ತಿಂದಳು. ಹೆಣ್ಣೇ. ತಲೆ ತುಂಬ ಕೂದಲಿತ್ತು. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮಂಜುನಾಥನ ಕೈಗೆ ಕೊಡುವಾಗ ಆ ವರ್ಷದ ಮೊದಲ ಮಳೆ ಶುರುವಾಯಿತು. ಆಸ್ಪತ್ರೆಯ ವರಾಂಡದಲ್ಲಿದ್ದ ಜನ ಚಪ್ಪಾಳೆ ತಟ್ಟಿದರು. ತಟ್ಟಬೇಡಿ ಎಂದು ಯಾರಿಗೆ ಹೇಳುವುದು, ಇಡೀ ಊರೇ ಆ ಮಳೆಗೆ ಕಾದಿತ್ತು.

ಚಾಮರಾಜಪೇಟೆಯ ಸ್ಮಶಾನದಲ್ಲಿ ಏನಾಯಿತೆಂದು ಮಂಜುನಾಥ ಬಹಳ ದಿನ ಹೇಳಲಿಲ್ಲ. ಆಮೇಲೊಮ್ಮೆ ನನ್ನೊಬ್ಬಳ ಹತ್ತಿರ ಇಷ್ಟು ಹೇಳಿದ. "ತೋಡಿದ ಗುಂಡಿಲಿ ಮಳೆನೀರು ನಿಂತ್ಬಿಟ್ಟಿತ್ತು ಅಕ್ಕ. ನೀರಲ್ಲಿ ಹೆಂಗ್ ಮಲಗಿಸ್ಲಿ? ಮಣ್ಣು ಕುಡ್ಕೊಳ್ಳೋವರೆಗೂ ಎತ್ಕೊಂಡು ನಿಂತಿದ್ದೆ. ಒಣಗಿದ ನೆಲ, ಬೇಗನೇ ಕುಡೀತು."

ಮಗುವಿಲ್ಲದಿದ್ದರೂ ಮೈಗೆ ಅದು ತಿಳಿಯಲಿಲ್ಲ. ಗಿರಿಜಳಿಗೆ ಹಾಲು ಬಂತು. ಎದೆ ಕಲ್ಲಾಗಿ ಜ್ವರ ಏರಿತು. ಡಾಕ್ಟರ ಮಾತ್ರೆಯ ಜೊತೆಗೆ ಅಮ್ಮ ತನಗೆ ಗೊತ್ತಿದ್ದದ್ದನ್ನೂ ಮಾಡಿದಳು. ಹಾಲು ಇಂಗಲಿ ಎಂದು ಎದೆಗೆ ಮಲ್ಲಿಗೆ ಹೂವು ಕಟ್ಟುವುದು. ದಿನಾ ಬೆಳಿಗ್ಗೆ ಗಾಂಧಿಬಜಾರಿಗೆ ಹೋಗಿ ಹೂವು ತರುವ ಕೆಲಸ ನನ್ನದಾಯಿತು. "ಏನ್ ಮೇಡಂ, ದಿನಾ ಇಷ್ಟೊಂದು! ಮನೇಲಿ ಶುಭಕಾರ್ಯನಾ?" ಎಂದು ಹೂವಿನಾಕೆ ಕೇಳಿದಳು. ಹೂಂ ಎಂದೆ. ಆಕೆ ಖುಷಿಯಿಂದ ಒಂದು ಗೇಣು ಹೂವು ಹೆಚ್ಚಿಗೆ ಅಳೆದಳು. ಮನೆಗೆ ಬರುವವರೆಗೂ ಆ ಪೊಟ್ಟಣ ಸ್ಕೂಟರಿನ ಮುಂದೆ ಘಮಘಮ ಎನ್ನುತ್ತಿತ್ತು. ಇಂದಿಗೂ ಮಲ್ಲಿಗೆ ಮುಡಿದವರ ಪಕ್ಕ ಕೂರಲು ನನಗಾಗುವುದಿಲ್ಲ.

"ನನ್ ಮೈಯೆಲ್ಲಾ ಮದುವೆಮನೆ ವಾಸನೆ ಬರ್ತಿದೆ ಅಲ್ವಾ ಅಕ್ಕ" ಎಂದಳು ಗಿರಿಜ. ಅಷ್ಟಾದರೂ ಅಳಲಿಲ್ಲ. ನಾನು ಅತ್ತೆ, ಮಂಜುನಾಥ ಅತ್ತ. ಅವಳು ಮಾತ್ರ ಗೋಡೆಗೆ ಒರಗಿ ನಮ್ಮನ್ನು ನೋಡುತ್ತ ಕೂತಿರುತ್ತಿದ್ದಳು. ಅಮ್ಮ ಒಳಗೊಳಗೇ ಬೇಯುತ್ತಿದ್ದಳು. ಒಂದು ಮಧ್ಯಾಹ್ನ ಸೊಪ್ಪು ಬಿಡಿಸುತ್ತ ನನ್ನ ಹತ್ತಿರ ಬಾಯಿ ಬಿಟ್ಟಳು. "ಗಂಗೆಗೆ ಮೋಸ ಮಾಡ್ದೆ ಕಣೆ. ಎಲ್ಲಿಂದಲೋ ತರಿಸಿದ ನೀರು ಸುರಿದು ಬಾವಿ ತುಂಬಿದೆ ಅಂತ ಬಸುರಿಗೆ ತೋರ್ಸಿದೆ. ಅವಳು ಸುಮ್ನಿರ್ತಾಳಾ?" ಹೊಕ್ಕುಳಬಳ್ಳಿಯ ವಿಷಯ ಎಷ್ಟು ಬಿಡಿಸಿ ಹೇಳಿದರೂ ಅವಳ ತಲೆಗೆ ಇಳಿಯಲಿಲ್ಲ. ಟ್ಯಾಂಕರಿನದೂ ಗಂಗೆಯೇ ಅಲ್ಲವೇನಮ್ಮ ಎಂದರೂ ಕೇಳಲಿಲ್ಲ.

ಆ ವರ್ಷ ಮಳೆ ಚೆನ್ನಾಗಿ ಬಂತು. ಬ್ಯೂಗಲ್ ರಾಕಿನ ಬಂಡೆಗಳು ದಿನವೂ ತೊಳೆದಿಟ್ಟಂತೆ ಹೊಳೆಯುತ್ತಿದ್ದವು, ಬೀದಿಗಳಲ್ಲಿ ಮಂಡಿಮಟ್ಟ ನೀರು ನಿಂತು ಜನ ಈಗ ಮಳೆಯನ್ನೇ ಬೈಯತೊಡಗಿದ್ದರು. ನಮ್ಮ ಬಾವಿ ಮಾತ್ರ ಬತ್ತಿದಂತೆಯೇ ಇತ್ತು. ಗಿರಿಜಳಿಗೆ ಈಗ ಹಿತ್ತಲ ಬಾಗಿಲನ್ನು ಯಾರೂ ಅಡ್ಡಗಟ್ಟುತ್ತಿರಲಿಲ್ಲ. ದಿನಾ ಹೋಗಿ ಬಗ್ಗಿ ನೋಡಿ ಬರುತ್ತಿದ್ದಳು.

"ಇಷ್ಟೊಂದು ಬಿತ್ತಲ್ಲ ಅಕ್ಕ. ಎಲ್ಲಿ ಹೋಯ್ತು?"

"ನೆಲದೊಳಗಿದೆ. ಮೊದಲು ಮೇಲಿನ ಮಣ್ಣು ಕುಡೀಬೇಕು, ಆಮೇಲೆ ಅದರ ಕೆಳಗಿಂದು. ಒಂದೊಂದು ಸಂದು ಹುಡ್ಕೊಂಡು ಇಳಿಯುತ್ತೆ. ನಿಧಾನ."

"ಎಷ್ಟು ದಿನ?"

"ಗೊತ್ತಿಲ್ಲ ಕಣೆ."

ಗೊತ್ತಿರಬೇಕಾಗಿತ್ತು. ಜೂನ್ ತಿಂಗಳ ಪಾಠ ನನ್ನದು ಅದೇ. ಸಮುದ್ರದಿಂದ ಮೋಡಕ್ಕೊಂದು ಬಾಣ, ಮೋಡದಿಂದ ಬೆಟ್ಟಕ್ಕೊಂದು, ಬೆಟ್ಟದಿಂದ ಹೊಳೆಗೊಂದು, ಹೊಳೆಯಿಂದ ಮತ್ತೆ ಸಮುದ್ರಕ್ಕೊಂದು. ಕೈ ನೋಡದೆ ಬೋರ್ಡಿನ ಮೇಲೆ ಬರೆಯಬಲ್ಲೆ. ನೆಲದೊಳಗೆ ಇಳಿಯುವ ನೀರಿಗೂ ಒಂದು ಪುಟ್ಟ ಬಾಣ ಇರುತ್ತದೆ, ಬೆಲ್ ಹೊಡೆಯುವ ಆತುರದಲ್ಲಿ ಗೀಚಿ ಮುಗಿಸುವಂಥದ್ದು. ಆ ಬಾಣ ಎಷ್ಟು ಉದ್ದ ಎಂದು ಯಾವ ಮಗುವೂ ಕೇಳಿರಲಿಲ್ಲ.

ಮಂಜುನಾಥ ಭಾನುವಾರ ಬರುತ್ತಿದ್ದ. ಸೀತಾಫಲವೋ ಸೀಬೆಹಣ್ಣೋ ತಂದು ಮುಂದಿಟ್ಟು, ಸಂಜೆಯವರೆಗೆ ಅವಳ ಎದುರು ಕೂತು ಹೊರಡುತ್ತಿದ್ದ. "ಹೋಗೋಣ ಬಾ ಗಿರಿಜಾ" ಎಂದರೆ ಅವಳ ಉತ್ತರ ಒಂದೇ. "ಬಾಣಂತನ ಮುಗೀದೆ ಹೆಂಗ್ ಬರ್ಲಿ ರೀ?" ಮುಗಿಯುವುದು ಗಂಗೆ ಪೂಜೆಯಿಂದ. ಮಗುವಿಲ್ಲದವಳಿಗೆ ಗಂಗೆ ಪೂಜೆ ಇಲ್ಲ. ಹಾಗಾಗಿ ಅವಳು ಒಲೆ ಮುಟ್ಟದೆ, ನೀರು ಸೇದದೆ, ಮುಂಬಾಗಿಲ ಹೊಸಿಲು ದಾಟದೆ ಹಿಂದಿನ ಕೋಣೆಯಲ್ಲಿ ಉಳಿದುಬಿಟ್ಟಳು. ನಾವು ಇದು ಹೀಗೇ ಆಗುತ್ತದೆಂದು ಎಣಿಸಿರಲಿಲ್ಲ. ಅವಳನ್ನು ಹೊರಗೆ ತರುವ ದಾರಿ ನಮ್ಮ ಪದ್ಧತಿಯಲ್ಲಿ ಇರಲಿಲ್ಲ. ಬುದ್ಧಿ ಹೇಳಿದರೆ, "ಹಾಗಾದ್ರೆ ನಾನು ಹೆತ್ತೇ ಇಲ್ಲ ಅಂತಾನಾ?" ಎನ್ನುತ್ತಿದ್ದಳು.

ಶ್ರಾವಣ ಹೋಯಿತು, ದಸರೆ ಹೋಯಿತು. ಪಕ್ಕದ ಬೇಸ್‌ಮೆಂಟಿಗೆ ಕಾಂಕ್ರೀಟ್ ಗೋಡೆ ಎದ್ದು ಪಂಪ್ ನಿಂತಿತು. ಮಳೆಯೂ ನಿಂತಿತು. ಕಾರ್ತಿಕದ ಕೊನೆಗೆ ಬಸವನಗುಡಿಯ ರಸ್ತೆಗಳಲ್ಲಿ ಕಡಲೆಕಾಯಿ ರಾಶಿ ಬಿದ್ದವು. ಪರಿಷೆ ನೋಡಲೆಂದು ಮಾಗಡಿಯಿಂದ ದೊಡ್ಡಮ್ಮ ಬಂದಿದ್ದರು. ಒಂದು ಬೆಳಿಗ್ಗೆ ನಾವೆಲ್ಲ ಜಗುಲಿಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಾಗ ಹಿತ್ತಲಿನಿಂದ ಗಿರಿಜಳ ದನಿ ಕೇಳಿತು.

"ಅಕ್ಕ, ಇಲ್ ಬಾ."

ಬಾವಿಯಲ್ಲಿ ನೀರಿತ್ತು. ತಳದ ಕಲ್ಲು ಮುಚ್ಚಿ, ಪಾಚಿಯ ಗೆರೆಯವರೆಗೆ ಬಂದು, ಅಲುಗಾಡದೆ ನಿಂತಿತ್ತು. ನನ್ನ ಹಿಂದೆ ಬಂದ ಅಮ್ಮ ಬಗ್ಗಿ ನೋಡಿದವಳೇ ನನ್ನ ಮುಖ ನೋಡಿದಳು.

"ಯಾರೇ ತರಿಸಿದ್ದು?"

"ಯಾರೂ ತರಿಸಿಲ್ಲಮ್ಮ. ಆಗ ಬಿದ್ದ ಮಳೆ ಈಗ ಬಂದಿದೆ."

ಅಮ್ಮ ಒಳಗೆ ಹೋಗಿ ಅರಿಸಿನ ಕುಂಕುಮದ ಬಟ್ಟಲು, ಎಲೆ ಅಡಿಕೆ, ತಾಮ್ರದ ಬಿಂದಿಗೆ ತಂದು ಕಟ್ಟೆಯ ಮೇಲಿಟ್ಟಳು. "ತಲೆಗೆ ನೀರು ಹಾಕ್ಕೊಂಡು ಬಾ ಗಿರಿಜಾ. ಗಂಗೆ ಪೂಜೆ ಮಾಡು."

ದೊಡ್ಡಮ್ಮ ಬಾಗಿಲಲ್ಲೇ ನಿಂತು, "ಏನೇ ಇದು? ಮಗು ಇಲ್ದಿರೋ ಬಾಣಂತಿಗೆ ಎಂಥ ಗಂಗೆ ಪೂಜೆ? ಎಲ್ಲಾದರೂ ಉಂಟಾ?" ಎಂದರು. ಅವರದು ಕೆಟ್ಟ ಮನಸ್ಸಲ್ಲ, ಭಯ.

"ಹೆತ್ತಿದಾಳೋ ಇಲ್ವೋ?" ಅಮ್ಮ ತಿರುಗಿ ಕೇಳಿದಳು. "ನೋವು ತಿಂದಿದಾಳೋ ಇಲ್ವೋ? ಹಾಲು ಬಂತೋ ಇಲ್ವೋ? ಇನ್ನೇನಕ್ಕಾ ಬೇಕು ಬಾಣಂತಿ ಅನ್ನಿಸ್ಕೊಳಕ್ಕೆ?"

ದೊಡ್ಡಮ್ಮ ಕೆಳಗಿಳಿದು ಬಂದು ಹಗ್ಗದ ತುದಿ ಬಿಡಿಸಿಕೊಟ್ಟರು. ಗಿರಿಜ ಒದ್ದೆ ಕೂದಲು ಬಿಟ್ಟುಕೊಂಡು ಬಂದು ಕಟ್ಟೆಗೆ ಅರಿಸಿನ ಬಳಿದಳು, ಕುಂಕುಮ ಇಟ್ಟಳು, ಕೈಮುಗಿದಳು. ರಾಟೆ ಅಷ್ಟು ತಿಂಗಳ ಮೇಲೆ ಕಿರ್ರೆಂದಿತು. ಬಿಂದಿಗೆ ಮೇಲೆ ಬಂತು. ಅದನ್ನು ಸೊಂಟಕ್ಕೇರಿಸಿ ಹಿತ್ತಲ ಹೊಸಿಲವರೆಗೆ ಬಂದವಳು ಅಲ್ಲೇ ನಿಂತುಬಿಟ್ಟಳು. ಮೊದಲ ಬೊಗಸೆ ಯಾರ ನೆತ್ತಿಗೆ? ನಮ್ಮಲ್ಲಿ ಯಾರೂ ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಅವಳು ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಅಮ್ಮ ಬಿಂದಿಗೆಯೊಳಗೆ ಕೈ ಅದ್ದಿ, ಬೊಗಸೆ ನೀರೆತ್ತಿ, ಗಿರಿಜಳ ನೆತ್ತಿಯ ಮೇಲೆ ಬಿಟ್ಟಳು.

"ನೀನೂ ನಾನ್ ಹೆತ್ತ ಮಗುನೇ ಅಲ್ವೇನೇ."

ಆಗ ಅತ್ತಳು ಗಿರಿಜ. ಹೊಸಿಲ ಮೇಲೆ ಕೂತು, ಬಿಂದಿಗೆಯನ್ನು ತೊಡೆಯ ಮೇಲೆ ತಬ್ಬಿಕೊಂಡು, ಬೀದಿಗೆ ಕೇಳುವಂತೆ ಅತ್ತಳು. ಯಾರೂ ಅವಳನ್ನು ಸಮಾಧಾನ ಮಾಡಲಿಲ್ಲ. ಆ ಭಾನುವಾರ ಮಂಜುನಾಥ ಬಂದಾಗ ತಾನೇ ಕಾಫಿ ಮಾಡಿಕೊಟ್ಟು, ಅವನ ಜೊತೆ ತುಮಕೂರಿಗೆ ಹೊರಟಳು. ಅವರಿಗೆ ಮತ್ತೆ ಮಕ್ಕಳಾಗಲಿಲ್ಲ.

ಇನ್ನು ಬಾವಿ ಮುಚ್ಚಿಸೋಣವೇ ಎಂದು ನಾನು ಕೇಳಲಿಲ್ಲ, ಅಮ್ಮನೂ ಹೇಳಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಮನೆ ಸೋರತೊಡಗಿ, ರಿಪೇರಿ ಮಾಡಿಸಲಾಗದೆ, ಅಕ್ಕತಂಗಿ ಇಬ್ಬರೂ ಸೇರಿ ಬಿಲ್ಡರಿಗೆ ಒಪ್ಪಿಸಿದೆವು.

ಭಾನುವಾರ ಗಿರಿಜ ಬಂದಳು. ಮೇಲೆ ಮನೆಗೂ ಹತ್ತದೆ ನೇರ ಬೇಸ್‌ಮೆಂಟಿಗೆ ಇಳಿದಳು. ಕೂದಲು ನನಗಿಂತ ಬೆಳ್ಳಗಾಗಿದೆ. ಸ್ಕೂಟರ್ ಪಕ್ಕಕ್ಕೆ ಸರಿಸಿ ಗೋಡೆ ತೋರಿಸಿದೆ. ಅವಳು ಚಪ್ಪಲಿ ಬಿಟ್ಟು ಹತ್ತಿರ ಹೋಗಿ ಅಂಗೈ ಒತ್ತಿ ಇಟ್ಟಳು.

"ನಾಳೆ ಕೆಮಿಕಲ್ ಹಾಕ್ತಾರಂತೆ. ಬೇಡ ಅಂತ ಹೇಳ್ಲಾ? ಸಂಘದಲ್ಲಿ ಜಗಳ ಆಡ್ತೀನಿ ಬೇಕಾದ್ರೆ" ಎಂದೆ.

"ಹಾಕ್ಲಿ ಬಿಡು ಅಕ್ಕ. ಇಲ್ಲಿ ಕಟ್ಟಿದ್ರೆ ಇನ್ನೊಂದು ಸಂದು ಹುಡ್ಕೊಳುತ್ತೆ. ನೀನೇ ಹೇಳಿದ್ದಲ್ವಾ."

ಅಂಗೈ ತೆಗೆದಳು. ಅದರ ತುಂಬ ನೀರಿನ ಪಸೆ. ಸೆರಗಿಗೆ ಒರೆಸಿಕೊಳ್ಳುತ್ತಾಳೆಂದು ನೋಡಿದರೆ, ನನ್ನ ಕಡೆ ತಿರುಗಿ ಆ ಒದ್ದೆ ಕೈಯನ್ನು ನನ್ನ ನೆತ್ತಿಯ ಮೇಲೆ ಇಟ್ಟಳು.

"ಅವತ್ತು ನಿನಗೆ ಯಾರೂ ಹಾಕ್ಲೇ ಇಲ್ಲ ಅಲ್ವಾ ಅಕ್ಕ."